ನಿಂತ ಸುರುಳಿ

"ಹ್ವಾಯ್, ಆ ಬದಿ ಒಬ್ರ್ ಹಿಡ್ಕಣಿ ಮರಾಯ್ರೆ, ಬೆಂಚ್ ಓರೆ ಆಯ್ತ್!"

ಕರೆದದ್ದು ಯಾರನ್ನೋ. ಆಗಷ್ಟೇ ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟ ಗಣಪ ಚಪ್ಪಲಿ ಅಲ್ಲೇ ಕಳಚಿ ಓಡಿಹೋಗಿ ಬೆಂಚಿಗೆ ಕೈಕೊಟ್ಟ. ಗಂಡಸರು ನಾಲ್ಕು ಜನ ಸೇರಿ ಗಿರಿಜಕ್ಕನ ಹೆಣವನ್ನು ಚಾವಡಿಯಿಂದ ಇಳಿಸಿ ಮನೆಯ ಹಿಂಬದಿಗೆ ಒಯ್ಯುತ್ತಿದ್ದರು. ಅಲ್ಲಿ ಹಳೆಯ ಸೀರೆಗಳನ್ನು ಕಟ್ಟಿ ಮೀಯಿಸಲು ಮರೆ ಮಾಡಿದ್ದರು. ಬೆಂಚು ಕೆಳಗಿಟ್ಟಾಗಲೂ ಗಣಪ ಮುಖ ನೋಡಲಿಲ್ಲ. ಅವನ ಕಣ್ಣೆದುರಿಗಿದ್ದದ್ದು ಪಾದ. ಬಿಳಿಚಿಕೊಂಡ ಪಾದದ ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪು ಕೂತಿತ್ತು. ಅದು ಮಣ್ಣಲ್ಲ, ಬಣ್ಣ ಎಂದು ಅವನಿಗೆ ಕೂಡಲೇ ತಿಳಿಯಿತು. ಹಳೆಯದೂ ಅಲ್ಲ, ನಿನ್ನೆಯದು.

ಗಂಡಸರು ಹಿಂದಕ್ಕೆ ಸರಿದರು. ತೋಡಿನ ಕಾಲುಸಂಕ ದಾಟಿಕೊಂಡು ಅಪ್ಪಿ ಬಂದಳು. ಸೊಂಟದ ಮೇಲೊಂದು, ಕೈಯಲ್ಲೊಂದು ಕೊಡಪಾನ. ಅವಳು ಗಣಪನ ತಂಗಿ. ಅವಳ ಮನೆ ಇರುವುದು ತೋಡಿನ ಆಚೆ ದಡದಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ.

"ಮನೆ ಬಾವಿ ಇಪ್ಪತಿಗೆ ಆಚಿ ಮನೆ ನೀರ್ ಎಂತಕ್?" ಎಂದು ಕುಂದಾಪುರದಿಂದ ಬಂದಿದ್ದ ನೆಂಟರ ಮುದುಕಿಯೊಬ್ಬಳು ಕೇಳಿದಳು.

"ನಮ್ ಬಾವಿ ನೀರಗೇ ಮೀಯ್ಕ್ ಅವ್ರ್. ಆ ನೀರ್ ಕುಡುಕಾಪಂಗ್ ಮಾಡಿ ಕೊಟ್ಟದ್ದ್ ಅವ್ರೇ ಅಲ್ದಾ" ಎಂದ ಅಪ್ಪಿ, ಯಾರ ಉತ್ತರಕ್ಕೂ ಕಾಯದೆ ಮರೆಯೊಳಗೆ ಹೋದಳು. ಖಾಲಿ ಕೊಡಪಾನ ಹಿಡಿದು ಹೊರಬಂದಾಗ ಅಣ್ಣನನ್ನು ಕಂಡಳು.

"ಮೊದ್ಲ್ ಬಸ್ಸಿಗೇ ಬತ್ತೆ ಅಂದಿದ್ದೆ ಅಲ್ದಾ ನೀ? ಹಂಗಾರಕಟ್ಟೆ ಎಂತ ಮುಂಬೈಯಾ?"

"ಬಸ್ ತಪ್ಪಿತ್."

ಬಸ್ಸು ತಪ್ಪಿರಲಿಲ್ಲ. ಬೆಳಿಗ್ಗೆ ಬೆಳಕು ಹರಿಯುವಾಗಲೇ ಅಪ್ಪಿ ಫೋನು ಮಾಡಿ, "ಗಿರಿಜಕ್ಕ ಹೋದ್ರ್ ಅಣ್ಣ. ಬೆಳ್ಗಾತ ಎದಿನೋವ್ ಬಂತ್ ಅಂಬ್ರ್, ಆಸ್ಪತ್ರಿಗ್ ಮುಟ್ಲಿಲ್ಲೆ" ಎಂದು ಅತ್ತಿದ್ದಳು. ಗಣಪ ಶರಟು ಹಾಕಿಕೊಂಡು ಹಂಗಾರಕಟ್ಟೆಯ ಬಸ್‌ಸ್ಟ್ಯಾಂಡಿಗೆ ಬಂದವನು ಮೊದಲ ಬಸ್ಸು ಎದುರಿಗೇ ನಿಂತು ಹೊರಟದ್ದನ್ನು ನೋಡಿದ. ಚಾ ಕುಡಿದ. ಎರಡನೆಯ ಬಸ್ಸನ್ನೂ ಬಿಟ್ಟ. ಒಂಬತ್ತು ವರ್ಷ ಕಾಲಿಡದ ಅಂಗಳಕ್ಕೆ ಯಾವ ಮುಖ ಹೊತ್ತು ಹೋಗುವುದೆಂದು ಯೋಚಿಸುತ್ತ ಬಂದರಿನ ಬದಿಯ ಕಟ್ಟೆಯ ಮೇಲೆ ಬಿಸಿಲೇರುವ ತನಕ ಕೂತಿದ್ದ.

ಈಗ ಮನೆಯ ಹಿಂದಿನ ಶೆಡ್ಡು ಅವನ ಕಣ್ಣೆದುರಿಗೇ ಇತ್ತು. ಅದೇ ಶೀಟು, ಅದೇ ಕೆಂಪುಕಲ್ಲಿನ ಗೋಡೆ. ಒಳಗೆ ಸದ್ದಿರಲಿಲ್ಲ. ಹಿಮ್ಮಡಿಯ ಕಪ್ಪು ನೆನಪಾಗಿ ಅವನು ಬಾಗಿಲು ತಳ್ಳಿದ.

ನಡುವೆ ಕುದುರೆಯೆಂದು ಕರೆಯುವ ಎರಡು ಕಬ್ಬಿಣದ ನಿಲುವುಗಳ ಮೇಲೆ ನೀಲಿ ಪ್ಲಾಸ್ಟಿಕ್ಕು ಸುತ್ತಿದ ದಪ್ಪ ಸುರುಳಿಯೊಂದು ಅಡ್ಡ ಮಲಗಿತ್ತು. ಅದರ ತುದಿಯ ಗಾಲಿಗೆ ಕೈಯಿಟ್ಟು ನಿಂತಿದ್ದವಳು ಅಪ್ಪಿಯ ಮಗಳು ವಿಜೇತಾ. ಮದುವೆಯಾಗಿ ಇದೇ ಊರಲ್ಲಿದ್ದ ಅವಳು ಐದಾರು ವರ್ಷದಿಂದ ಗಿರಿಜಕ್ಕನ ಜೊತೆ ಕೆಲಸ ಮಾಡುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಮಾವ, ಒಂಚೂರ್ ಹಿಡಿನಿ ಇದನ್ನ. ಒಬ್ಬಳಿಗೆ ತಿರ್ಗಿಸೂಕೆ ಆತಿಲ್ಲೆ" ಎಂದಳು. ಹೇಗಿದ್ದೀರಿ, ಯಾವಾಗ ಬಂದಿರಿ ಎಂಬ ಮಾತೇ ಇಲ್ಲ.

"ಎಂತ ಇದ್?"

"ಕಪ್ಪ್ ಪಂಚೆದ್ ಲಾಟ್. ಶಬರಿಮಲೆಗ್ ಮಾಲೆ ಹಾಕುವರಿಗೆ. ನಿನ್ನೆ ಸಂಜಿಗ್ ಅವ್ರೇ ಹಿಂಡಿ ಸುತ್ತಿ ಇಟ್ಟದ್ದ್. ಇದ್ ತಿರ್ಗ್ತಾ ಇರ್ಕ್ ಮಾವ. ನಿತ್ರೆ ಬಣ್ಣ ಕೆಳ್ಗ್ ಇಳಿತ್ತ್. ಬೆಳಿಗ್ಗೆ ನಿತೇಶಣ್ಣ ಮೋಟರ್ ಬಂದ್ ಮಾಡಿರ್."

"ಯಾವಾಗ್ಳಿಂದ ನಿತ್ತ್ಕಂಡಿತ್ತ್?"

"ಹೆಣ ಮನಿಗ್ ಬಂದಾಗಳಿಂದ. ನಡುನಡು ಬಂದ್ ತಿರ್ಗಿಸ್ದೆ. ಅಷ್ಟರಗೆ ಒಬ್ರಲ್ಲ ಒಬ್ರ್ ಕರಿತ್ರ್. ದೀಪಕ್ಕೆ ಎಣ್ಣಿ, ನೆಂಟ್ರಿಗ್ ಚಾ..." ವಿಜೇತಾ ಮತ್ತೆ ಗಾಲಿಗೆ ಕೈ ಹಾಕಿದಳು.

ಗಣಪ ಲೆಕ್ಕ ಹಾಕಿದ. ಅವನು ಬಂದರಿನ ಕಟ್ಟೆಯ ಮೇಲೆ ಕೂತಿದ್ದಷ್ಟೂ ಹೊತ್ತು ಸುರುಳಿ ನಿಂತೇ ಇತ್ತು.

*

ಗಿರಿಜಕ್ಕನ ಗಂಡ ಚಂದಯ್ಯ ಶೆಟ್ಟರು ಗಣಪನನ್ನು ಕಂಡದ್ದು ಮುಂಬೈಯ ಹೊರಗೆ, ಭಿವಂಡಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ. ಇವನು ಅಲ್ಲಿ ಬಣ್ಣ ಕೂಡಿಸುವ ಮೇಸ್ತ್ರಿ, ಶೆಟ್ಟರು ಅಲ್ಲೇ ಪಕ್ಕದಲ್ಲಿ ಕ್ಯಾಂಟೀನು ಇಟ್ಟವರು. ಅಲ್ಲಿ ಟ್ಯಾಂಕರು ಬರದಿದ್ದರೆ ಕೆಲಸ ನಿಲ್ಲುತ್ತಿತ್ತು. ಬಟ್ಟೆ ಕಾಯುತ್ತಿತ್ತು, ಕೂಲಿಯವರು ಬೀಡಿ ಸೇದುತ್ತಿದ್ದರು. ಒಂದು ದಿನ ಶೆಟ್ಟರು, "ಗಣಪ, ನಮ್ಮೂರಗೆ ನೀರಿಗ್ ಎಂತ ಬರ ಮರಾಯ? ಬಾ, ನಾವೇ ಮಾಡುವ" ಎಂದರು.

ಹಾಗೆ ಬಾರ್ಕೂರಿನ ಈ ಮನೆಯ ಹಿಂದೆ ಶೆಡ್ಡು ಎದ್ದಿತು. ಬಾವಿ ತುಂಬ ನೀರು, ಪಕ್ಕದಲ್ಲೇ ತೋಡು, ತೋಡು ಸೇರುವಲ್ಲಿ ಹೊಳೆ. ಬಿಳಿ ಹತ್ತಿ ಬಟ್ಟೆ ಲಾರಿಯಲ್ಲಿ ಬಂದು ಪಂಚೆ, ಬೈರಾಸು, ಯೂನಿಫಾರ್ಮಿನ ಬಣ್ಣ ಹೊತ್ತು ವಾಪಸು ಹೋಗುತ್ತಿತ್ತು. ಗಣಪ ಇಲ್ಲಿ ನೀರನ್ನು ಎಣಿಸಲಿಲ್ಲ. ಕಪ್ಪಿಗೆ, ಕಡುಗೆಂಪಿಗೆ ತೊಟ್ಟಿಗೆ ಚೀಲಗಟ್ಟಲೆ ಉಪ್ಪು ಸುರಿಯಬೇಕು. ಉಪ್ಪಿಲ್ಲದೆ ಬಣ್ಣ ನೀರನ್ನು ಬಿಟ್ಟು ಬಟ್ಟೆಗೆ ಬರುವುದಿಲ್ಲ. ಬಂದ ಮೇಲೆ ಹಿಡಿಯದೆ ಉಳಿದದ್ದನ್ನು ಹೊರಡಿಸಲು ಏಳೆಂಟು ನೀರು ತೊಳೆಯಬೇಕು. ಆ ನೀರೆಲ್ಲ ತೋಡಿಗೆ. ಯಾವ ದಿನ ಯಾವ ಬಣ್ಣದ ಕೆಲಸವೆಂದು ಊರವರು ತೋಡು ನೋಡಿಯೇ ಹೇಳುತ್ತಿದ್ದರು. ಗಣಪನಿಗೆ ಅದೊಂದು ಹೆಮ್ಮೆಯೇ ಆಗಿತ್ತು.

ಚಂದಯ್ಯ ಶೆಟ್ಟರು ಹೃದಯ ನಿಂತು ಹೋದಾಗ ಮಗ ನಿತೇಶ್ ಇನ್ನೂ ಶಾಲೆಗೆ ಹೋಗುತ್ತಿದ್ದ. ಶೆಡ್ಡು ಮುಚ್ಚಿತೆಂದೇ ಎಲ್ಲರೂ ತಿಳಿದಿದ್ದರು. ಹದಿಮೂರನೆಯ ದಿನದ ಕಾರ್ಯ ಕಳೆದ ಮಾರನೇ ದಿನ ಗಿರಿಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿಗೆ ಬಂದು, "ಗಣಪ, ಮೊದ್ಲಿಂದ ಹೇಳ್ಕೊಡ್. ನಂಗೆ ಎಂತದೂ ಗೊತ್ತಿಲ್ಲೆ" ಎಂದಳು. ಅಷ್ಟು ಸಲೀಸಾಗಿ ಗೊತ್ತಿಲ್ಲ ಎಂದವರನ್ನು ಗಣಪ ಅದುವರೆಗೆ ಕಂಡಿರಲಿಲ್ಲ. ಅವನು ಕಲಿಸಿದ. ಬಣ್ಣ ತೂಗುವುದು, ಕುದಿ ನೋಡುವುದು, ಬಣ್ಣ ಕೂರಿಸುವ ಸೋಡಾ ಯಾವಾಗ ಬಿಡಬೇಕೆಂಬುದು. ಅವಳು ತಪ್ಪಿದರೆ ಬೈದ. ಬೈಸಿಕೊಂಡು ಅವಳು ನಕ್ಕಳು.

*

ಗಣಪ ಗಾಲಿಯ ಬೆಲ್ಟು ಬಿಚ್ಚಿ ಎರಡೂ ಕೈ ಹಾಕಿ ಸುರುಳಿಯನ್ನು ತಿರುಗಿಸತೊಡಗಿದ. ಒದ್ದೆ ಬಟ್ಟೆಯ ಭಾರ, ಮೊದಲ ಸುತ್ತಿಗೇ ಹೆಗಲು ಹಿಡಿಯಿತು. ಕುದುರೆ ಕಿರುಗುಟ್ಟಿತು.

ಬಾಗಿಲಲ್ಲಿ ನೆರಳು ಬಿತ್ತು. ನಿತೇಶ್. ಬ್ರಹ್ಮಾವರದಲ್ಲಿ ಹೋಟೆಲು ನಡೆಸುತ್ತಿದ್ದ ಅವನು ಈಗ ಒದ್ದೆ ಪಂಚೆಯಲ್ಲಿ, ಬರಿ ಮೈಯಲ್ಲಿ ನಿಂತಿದ್ದ. ಅವನ ಹಿಂದೆ ಒಬ್ಬರು ದೊಡ್ಡಪ್ಪ.

"ಅಲ್ಲಿ ಹೆಣ ಮೀಯ್ಸ್ತಾ ಇದ್ರ್, ಇಲ್ಲಿ ಬಣ್ಣದ ಕೆಲ್ಸವಾ?" ದೊಡ್ಡಪ್ಪನ ದನಿ ಏರಿತು. "ಊರವ್ರ್ ಎಂತ ಹೇಳುಕಿಲ್ಲ?"

"ಮೋಟರ್ ಹಾಕ್ಲಿಲ್ಲ ಶೆಟ್ರೆ. ಕೈಯ್ಯಗೇ ತಿರ್ಗಿಸ್ತಾ ಇದ್ದೆ. ಸದ್ದಿಲ್ಲ" ಎಂದ ಗಣಪ ಕೈ ನಿಲ್ಲಿಸದೆ.

"ಬಿಡಿ ಗಣಪಣ್ಣ. ಹಾಳಾರೆ ಹಾಳಾಯ್ಲಿ" ಎಂದ ನಿತೇಶ್. ಅವನ ಮಾತಿನಲ್ಲಿ ಸಿಟ್ಟಿಗಿಂತ ಆಯಾಸವಿತ್ತು. "ಇದ್ರ ಹಿಂದೆ ಹೋಯಿ ಹೋಯೇ ಅಮ್ಮನ್ ಜೀವ ಹೋಯ್ತ್. ಇನ್ ಈ ಲಾಟ್ ಉಳ್ಸಿ ಯಾರಿಗ್ ಎಂತ ಆಯ್ಕ್?"

"ಅವ್ರ್ ಸುತ್ತಿ ಇಟ್ಟದ್ದ್ ಅಲ್ದಾ, ನಿತೇಶ."

ನಿತೇಶ್ ಅವನನ್ನು ದಿಟ್ಟಿಸಿದ. ದೊಡ್ಡಪ್ಪನಿಗೆ ಕೇಳದಂತೆ ದನಿ ತಗ್ಗಿಸಿದ.

"ಅಮ್ಮ ನಿಮ್ಗೆ ಎಷ್ಟ್ ಸಲ ಫೋನ್ ಮಾಡಿರ್, ನೆನಪಿತ್ತಾ? ಹಬ್ಬ ಬಂದ್ರೆ ಸಾಕ್, ಗಣಪಂಗೊಂದ್ ಫೋನ್ ಮಾಡ್ ಅಂಬರ್. ನೀವ್ ಎತ್ತುದಿಲ್ಲೆ. ಲೈನ್ ಸಮ ಇಲ್ಲೆ ಕಾಣತ್ ಅಂಬರ್. ನಿಮ್ಮನ್ ಒಂದಿನ ಬೈಲಿಲ್ಲೆ ಗಣಪಣ್ಣ. ಇವತ್ತ್ ಬಂದ್ರಿ."

ಗಣಪನ ಕೈ ಗಾಲಿಯ ಮೇಲೆ ಹಾಗೇ ನಿಂತಿತು. ಅಷ್ಟರಲ್ಲಿ ಹೊರಗಿನಿಂದ ಭಟ್ಟರು ಕರೆದರು, ನಿತೇಶ್ ತಿರುಗಿ ಹೋದ. ಹೋಗುವಾಗ ಬೇಡವೆಂದು ಮತ್ತೊಮ್ಮೆ ಹೇಳಲಿಲ್ಲ. ವಿಜೇತಾ ಮಾವನ ಮುಖ ನೋಡಿದಳು. ಗಣಪ ಮತ್ತೆ ತಿರುಗಿಸಿದ.

*

ಅಪ್ಪಿ ಮೊದಲು ಹೇಳಿದ್ದು ಅಣ್ಣನಿಗೇ. ಅದು ಅವನು ಇಲ್ಲೇ ಮೇಸ್ತ್ರಿಯಾಗಿದ್ದಾಗಿನ ಏಪ್ರಿಲ್ ತಿಂಗಳು, ಬಾವಿಗಳೆಲ್ಲ ತಳ ಕಂಡ ಹೊತ್ತು. "ಅಣ್ಣ, ಗಂಜಿ ಕೆಂಪಾತ್ತ್. ನೀರ್ ಒಂಥರ ಚಪ್ಪೆ ಉಪ್ಪ್" ಎಂದಳು. "ಕೆಮ್ಮಣ್ಣ್ ಇಪ್ಪುದ್. ಮಳಿ ಬಂದ್ರೆ ಸಮ ಆತ್ತ್" ಎಂದ ಅವನು. ಆ ವಾರ ಶೆಡ್ಡಿನಲ್ಲಿ ಕಡುಗೆಂಪಿನ ಲಾಟು ನಡೆಯುತ್ತಿತ್ತು ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ.

ಒಂದು ಮಧ್ಯಾಹ್ನ ಗಿರಿಜಕ್ಕ ಅದೇನೋ ಕೆಲಸಕ್ಕೆ ಸಂಕ ದಾಟಿ ಹೋದವಳು ಅಪ್ಪಿಯ ಜಗಲಿಯಲ್ಲಿ ಕೂತಳು. ಮಕ್ಕಳು ಉಣ್ಣುತ್ತಿದ್ದವು. ಗಿರಿಜಕ್ಕ ಬಟ್ಟಲು ನೋಡಿದಳು. "ನಂಗೂ ಒಂಚೂರ್ ಗಂಜಿ ಬಡ್ಸ್, ಅಪ್ಪಿ" ಎಂದಳು. ಅಪ್ಪಿ ಬೇಡವೆಂದರೂ ಕೇಳಲಿಲ್ಲ, ಬಟ್ಟಲು ಪೂರ್ತಿ ಉಂಡಳು. ಅಲ್ಲಿಂದ ಸೀದಾ ಬಂದು ಶೆಡ್ಡಿನ ಮೋಟರು ಆರಿಸಿದಳು. ಮಳೆ ಬರುವ ತನಕ ಅಪ್ಪಿಯ ಮನೆಗೆ ತನ್ನ ಬಾವಿಯ ನೀರನ್ನು ಪೈಪಿನಲ್ಲಿ ಕೊಟ್ಟಳು. ಗಣಪನ ಬಳಿ ಅವಳು ಕೇಳಿದ್ದು ಒಂದೇ ಮಾತು: "ನಿನ್ ತಂಗಿ ಮನಿ ಬಾವಿ ಅಲ್ದನಾ ಗಣಪ?"

ಆಮೇಲೆ ಅವಳು ಯಾರನ್ನೋ ವಿಚಾರಿಸಿ ತಮಿಳುನಾಡಿನ ಕಡೆ ಹೋಗಿಬಂದಳು. ಬರುವಾಗ ಅವಳ ಮುಖದಲ್ಲಿ ಹುರುಪಿತ್ತು.

"ಉಪ್ಪೇ ಹಾಕುದಿಲ್ಲ ಗಣಪ ಅವ್ರ್! ತೊಟ್ಟಿಯಗೆ ಕುದಿಸುದೂ ಇಲ್ಲೆ. ಬಟ್ಟಿ ಒಂದ್ಸಲ ಬಣ್ಣದಗೆ ಅದ್ದಿ, ಎರ್ಡ್ ರಬ್ಬರ್ ರೋಲರಿನ ಮಧ್ಯ ಹಿಂಡಿ, ಸುರುಳಿ ಸುತ್ತಿ ಪ್ಲಾಸ್ಟಿಕ್ ಹೊದ್ಸಿ ಇಡ್ತ್ರ್. ಅದ್ ನಿಧಾನ ತಿರ್ಗ್ತಾ ಇದ್ದಂಗೇ ತಣ್ಣಗೆ ಬಣ್ಣ ಹಿಡ್ಕಂತ್. ಮತ್ತೆ ಎರ್ಡ್ ಮೂರ್ ನೀರಗೆ ತೊಳ್ದ್ರೆ ಸಾಕ್."

"ಅಕ್ಕ, ಹತ್ತಿ ಬಟ್ಟಿ ನೀರ್ ಕೇಂತ್. ನೀರ್ ಕೊಡ್ದೆ ಬಣ್ಣ ಹಿಡಿ ಅಂದ್ರೆ ಹ್ಯಾಂಗ್ ಹಿಡಿತ್ತ್?"

"ನಾ ಕಣ್ಣಾರೆ ಕಂಡ್ಕಂಡ್ ಬಂದಿದ್ದೆ."

ಹಳೆಯ ಹಿಂಡುವ ಯಂತ್ರವೊಂದು ಲಾರಿಯಲ್ಲಿ ಬಂತು. ಮೊದಲ ಸುರುಳಿಯನ್ನು ಬಿಚ್ಚಿದ ದಿನ ಕೆಲಸದವರೆಲ್ಲ ಸುತ್ತ ನಿಂತಿದ್ದರು. ಬಟ್ಟೆಯ ಎರಡೂ ಅಂಚು ಕಡುನೀಲಿ, ನಡುಭಾಗ ಮಾಸಲು, ಅಲ್ಲಲ್ಲಿ ಕಲೆ. ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಗಣಪ ಒಂದು ತುದಿ ಎತ್ತಿ ಹಿಡಿದು, "ಇದನ್ನ್ ಹುಲಿವೇಷದವ್ರಿಗ್ ಕೊಡ್ಲಕ್ಕ್" ಎಂದ. ಶೆಡ್ಡು ಗೊಳ್ಳೆಂದಿತು. ಅವನೂ ಜೋರಾಗಿ ನಕ್ಕ. ಗಿರಿಜಕ್ಕ ನಗಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಅವನ ಹತ್ತಿರ ಬಂದು ನಿಂತಳು. "ನಂಗೂ ಗೊತ್ತಿಲ್ಲೆ, ನಿಂಗೂ ಗೊತ್ತಿಲ್ಲೆ ಗಣಪ. ಒಟ್ಟಿಗೆ ಕಲೂಕ್ ಆತಿಲ್ಯಾ?"

ಹೌದು, ಗೊತ್ತಿಲ್ಲ ಅಕ್ಕ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಮೂವತ್ತು ವರ್ಷ ಮೇಸ್ತ್ರಿ ಎನಿಸಿಕೊಂಡವನು, ತಾನೇ ಬೈದು ಕಲಿಸಿದ ಹೆಂಗಸಿನ ಮುಂದೆ ಹಲಗೆ ಬಳಪ ಹಿಡಿದು ಕೂರುವುದೇ? "ನಂಗ್ ಗೊತ್ತಿಪ್ಪುದ್ ನಂಗ್ ಸಾಕ್" ಎಂದು ಶರಟು ಕೊಡವಿ ಹೊರಟ. ಮುಂದಿನ ವಾರವೇ ತಲ್ಲೂರಿನ ಒಂದು ಬಣ್ಣದ ಶೆಡ್ಡಿಗೆ ಸೇರಿದ. ಅಲ್ಲಿ ಯಾರೂ ನೀರಿನ ಮಾತೆತ್ತುತ್ತಿರಲಿಲ್ಲ.

*

"ಅಂಚ್ ಕಪ್ಪಾಪುದ್ ಯಾಕಂದೇಳಿ ಗೊತ್ತಾಪುಕೆ ಅವ್ರಿಗ್ ಒಂದೂವರೆ ವರ್ಷ ಹಿಡಿತ್ ಮಾವ" ಎಂದಳು ವಿಜೇತಾ. ಇಬ್ಬರೂ ಸರದಿಯಲ್ಲಿ ಗಾಲಿ ತಿರುಗಿಸುತ್ತಿದ್ದರು. ಹೊರಗೆ ಮಾವಿನ ಮರ ಕಡಿಯುವ ಕೊಡಲಿಯ ಸದ್ದು ಕೇಳುತ್ತಿತ್ತು. "ರೋಲರ್ ನಡುಗೆ ಒಂಥರ ಒತ್ತುದ್, ತುದಿಗೆ ಒಂಥರ ಒತ್ತುದ್. ರಬ್ಬರ್ ಸಮ ಮಾಡ್ಸಿದ್ಮೇಲೆ ಹೋಯ್ತ್. ಅಲ್ಲಿವರೆಗೆ ಹಾಳಾದ್ ಬಟ್ಟಿ ಎಲ್ಲ ನೆಲ ಒರ್ಸೂಕೆ. ನಮ್ಮೂರಗೆ ಈಗ್ಲೂ ಯಾರ್ ಮನಿಗ್ ಹೋದ್ರೂ ನೆಲ ಒರ್ಸುದ್ ನಮ್ ಬಟ್ಟಿಯಗೇ."

ಅವಳು ನಗಲು ನೋಡಿದಳು. ಆಗಲಿಲ್ಲ.

"ತೊಳ್ದ್ ನೀರ್ ಎಂತ ಮಾಡ್ತ್ರಿ?"

"ಕಡಿ ನೀರ್ ಎತ್ತಿ ಇಡುದ್. ಅದೇ ಮುಂದಿನ್ ಲಾಟಿಗೆ ಮೊದ್ಲ್ ನೀರ್. ಉಳ್ದದ್ದ್ ಆ ಹೊಂಡಕ್ಕೆ, ಸುಣ್ಣ ಹಾಕಿ ಕೂರ್ಸಿ, ಮತ್ತೆ ಕಾಬಾಳೆ ಗಿಡದ ಬುಡಕ್ಕೆ. ಪೂರ್ತಿ ಚೊಕ್ಕ ಆಯ್ತಂದೇಳಿ ಅವ್ರ್ ಯಾವತ್ತೂ ಹೇಳ್ಲಿಲ್ಲೆ. 'ಮೊದ್ಲಿಗಿಂತ ಅಡ್ಡಿಲ್ಲ, ಅಷ್ಟೇ ಮಗಾ' ಅಂಬರ್."

ಗಾಲಿ ಅವನ ಕೈಗೆ ಬಿಟ್ಟು ಅವಳೇ ಮುಂದುವರಿಸಿದಳು. "ಎಂತಾರೂ ಸಮ ಬರ್ದಿದ್ರೆ ಒಂದೇ ಮಾತ್. ಗಣಪ ಇದ್ದಿದ್ರೆ ಮೂಸಿ ಕಂಡೇ ಹೇಳ್ತಿದ್ದ ಅಂಬರ್."

ಗಣಪ ಮುಖ ಆಚೆ ತಿರುಗಿಸಿದ. ಬಾಗಿಲಲ್ಲಿ ಅಪ್ಪಿ ಕಾಣಿಸಿಕೊಂಡಳು.

"ಅಣ್ಣ, ಬಾಯಿಗ್ ನೀರ್ ಬಿಡುಕೆ ಕರಿತ್ರ್. ಬಾ."

ಅಂಗಳದಲ್ಲಿ ಗಿರಿಜಕ್ಕನಿಗೆ ಹೊಸ ಸೀರೆ ಉಡಿಸಿ ಬಾಳೆಲೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ತೆಂಗಿನಕಾಯಿಯ ಕಡಿಯಲ್ಲಿ ದೀಪ. ಒಬ್ಬೊಬ್ಬರಾಗಿ ತುಳಸಿಯ ಕುಡಿಯಿಂದ ನೀರು ಬಿಟ್ಟು ಸುತ್ತು ಬರುತ್ತಿದ್ದರು. ಗಣಪನ ಸರದಿ ಬಂತು. ಈಗ ಅವನು ಮುಖ ನೋಡಲೇಬೇಕಾಯಿತು. ಕೆನ್ನೆ ಒಳಕ್ಕೆ ಹೋಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ಮುದುಕಿಯಾಗಿದ್ದಾಳೆಂದು ಅವನು ಅಂದುಕೊಂಡಿರಲಿಲ್ಲ. ಅವನ ಮನಸ್ಸಿನಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದ ದಿನದ ಹಾಗೇ ಇದ್ದಳು. ತುಳಸಿಯ ತುದಿಯಿಂದ ಜಾರಿದ ಹನಿ ತುಟಿಯ ನಡುವೆ ನಿಲ್ಲದೆ ಗಲ್ಲದ ಮೇಲೆ ಇಳಿಯಿತು. ಅವನು ಅದನ್ನು ಬೆರಳಿನಿಂದ ಒರೆಸಿದ.

"ಆಯ್ತ್ ಗಣಪ, ಮುಂದ್ ಹೋಗ್" ಎಂದರು ಹಿಂದಿದ್ದವರು.

*

ತಲ್ಲೂರಿನ ಶೆಡ್ಡಿಗೆ ಗಿರಿಜಕ್ಕ ಒಮ್ಮೆ ಬಂದಿದ್ದಳು. ಈ ವಿಷಯ ಅಪ್ಪಿಗೂ ಗೊತ್ತಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ. ಹೆದ್ದಾರಿಯಲ್ಲಿ ಬಸ್ಸಿಳಿದು, ಕೊಡೆ ಹಿಡಿದು, ಕೆಸರು ದಾಟಿಕೊಂಡು ಅವಳು ಗೇಟಿನ ತನಕ ಬಂದದ್ದನ್ನು ಗಣಪ ಕಿಟಕಿಯಿಂದ ಕಂಡ. ವಾಚ್‌ಮನ್ ಒಳಗೆ ಬಂದು, "ಬಾರ್ಕೂರಿನ ಅಮ್ಮ ಒಬ್ರ್ ಬಂದಿರ್. ನಿಮ್ಮನ್ ಕಾಣ್ಕಂಬ್ರ್" ಎಂದ.

"ಇಲ್ಲೆ ಅಂದೇಳ್. ಊರಿಗ್ ಹೋಯಿದ್ರ್ ಅಂದೇಳ್."

ವಾಚ್‌ಮನ್ ಹೋಗಿ ಹೇಳಿದ. ಅವಳು ಕೂಡಲೇ ಹೊರಡಲಿಲ್ಲ. ಮಳೆ ಜೋರಾಯಿತು. ಗೇಟಿನ ಪಕ್ಕದ ತಗಡಿನ ಮಾಡಿನ ಕೆಳಗೆ ಕೊಡೆ ಮಡಚಿ ನಿಂತಳು. ಗಣಪ ತೊಟ್ಟಿಯ ಹಿಂದೆ, ಆವಿಯ ಮರೆಯಲ್ಲಿ ನಿಂತೇ ಇದ್ದ. ಮಳೆ ಬಿಟ್ಟ ಮೇಲೆ ಅವಳು ಚೀಲದಿಂದ ಏನೋ ತೆಗೆದು ವಾಚ್‌ಮನ್ ಕೈಗೆ ಕೊಟ್ಟು ಹೋದಳು.

ಒಂದು ಮೊಳ ಬಟ್ಟೆ. ಕಡುಗೆಂಪು. ಅಂಚು ಇನ್ನೂ ಒಂದಿಷ್ಟು ಕಪ್ಪಿತ್ತು. ಆದರೆ ನಡುಭಾಗ ಸಮವಾಗಿ ಬಂದಿತ್ತು. "ಅಂಚ್ ಯಾಕ್ ಹೀಂಗ್ ಆತ್ತ್ ಅಂದೇಳಿ ಗಣಪಂಗೆ ಕೇಣ್ಕ್ ಅಂಬ್ರ್" ಎಂದ ವಾಚ್‌ಮನ್.

ಗಣಪ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿದ. ಹಿಂಡಿದ ನೀರಿಗೆ ಬಣ್ಣವೇ ಇರಲಿಲ್ಲ. ತಾನು ಏಳೆಂಟು ನೀರು ತೊಳೆದ ಬಟ್ಟೆಯೂ ಅಷ್ಟು ಚೊಕ್ಕವಾಗಿ ಹಿಂಡಿಸಿಕೊಳ್ಳುತ್ತಿರಲಿಲ್ಲ. ಅಂಚು ಯಾಕೆ ಹಾಗಾಯಿತೆಂದು ಅವನಿಗೂ ತಿಳಿಯಲಿಲ್ಲ. ಅದನ್ನು ಒಲೆಯ ಬಾಯಿಗೆ ತುರುಕಿದ. ಆಮೇಲೆ ತಲ್ಲೂರಿನವರು ತೋಡಿನ ನೀರಿಗಾಗಿ ಗಲಾಟೆ ಎಬ್ಬಿಸಿ, ಆ ಶೆಡ್ಡು ಮುಚ್ಚಿತು. ಅವನು ಹಂಗಾರಕಟ್ಟೆಯ ಮನೆ ಸೇರಿದ. ಅಲ್ಲಿಂದ ಬಾರ್ಕೂರಿಗೆ ಒಂದೇ ಬಸ್ಸಿನ ದಾರಿ.

*

ಚಟ್ಟ ಏಳುವಾಗ ಗಣಪ ಅಂಗಳದಲ್ಲಿದ್ದ. ಚಿತೆ ಒಟ್ಟಿದ್ದ ಗದ್ದೆಯ ಮೂಲೆಯವರೆಗೆ ಹೋಗಲಿಲ್ಲ. ಎಲ್ಲರೂ ಅತ್ತ ನಡೆದಾಗ ಅವನು ಇತ್ತ ಶೆಡ್ಡಿಗೆ ನಡೆದ. ಬಾಗಿಲಿನಿಂದ ಕಟಾವಾದ ಗದ್ದೆಯೂ ಅದರಾಚೆ ಜನರ ಗುಂಪೂ ಕಾಣುತ್ತಿದ್ದವು. ಸುರುಳಿ ಅವನ ಕೈಯಲ್ಲಿ ತಿರುಗುತ್ತಿತ್ತು. ಹೊಗೆ ಮೊದಲು ನೆಲದ ಮೇಲೇ ಹರಡಿ, ಆಮೇಲೆ ಎದ್ದಿತು. ಗಣಪ ಒಂದು ಕೈಯಿಂದ ಗಾಲಿ ಹಿಡಿದು, ಇನ್ನೊಂದು ಕೈಯ ತೋಳಿನಿಂದ ಮುಖ ಒರೆಸಿಕೊಂಡ.

ಬೆಂಕಿ ಹೊತ್ತಿದ ಮೇಲೆ ಹೆಂಗಸರು ಮೀಯಲು ಹೋದರು. ವಿಜೇತಾ ತಲೆಗೆ ಬೈರಾಸು ಸುತ್ತಿಕೊಂಡು ಬಂದಳು. "ಹೊತ್ತಾಯ್ತ್ ಮಾವ. ತೊಳಿವ."

ಪ್ಲಾಸ್ಟಿಕ್ಕು ಬಿಚ್ಚಿದರು. ಬಟ್ಟೆಯ ತುದಿ ಹಿಡಿದು ತೊಟ್ಟಿಗೆ ಇಳಿಸಿದರು. ಯಾವ ನೀರು ಮೊದಲು, ಎಷ್ಟು ಬಿಡಬೇಕು ಎಂದು ವಿಜೇತಾ ಹೇಳುತ್ತ ಹೋದಳು, ಗಣಪ ಹಾಗೇ ಮಾಡಿದ. ಮೊದಲ ನೀರು ಶಾಯಿಯಂತೆ ಬಂತು. ಎರಡನೆಯದು ಹಾಲಿಲ್ಲದ ಕಣ್ಣ ಚಾದ ಹಾಗೆ. ಮೂರನೆಯ ನೀರಿನಲ್ಲಿ ತೊಟ್ಟಿಯ ತಳದ ಸಿಮೆಂಟಿನ ಬಿರುಕು ಕಂಡಿತು.

"ಸಾಕ್" ಎಂದಳು ವಿಜೇತಾ.

"ಕಪ್ಪ್ ಮಗಾ ಇದ್. ಇನ್ನೊಂದ್ ನೀರ್..."

"ಬ್ಯಾಡ ಮಾವ. ಅವ್ರಿದ್ದಿದ್ರೆ ಬೈತಿದ್ರ್."

ಅವನು ನಲ್ಲಿಯ ಮೇಲಿನಿಂದ ಕೈ ತೆಗೆದ.

ಹೊರಗೆ ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗಗಳ ಮೇಲೆ ಬಟ್ಟೆಯನ್ನು ಉದ್ದಕ್ಕೂ ಹಾಸುತ್ತ ಹೋದರು. ಹಗ್ಗ ಭಾರಕ್ಕೆ ಜಗ್ಗಿತು. ಗದ್ದೆಯ ಬದುವಿನವರೆಗೂ ಒಂದೇ ಕಪ್ಪು. ಒದ್ದೆಯಲ್ಲಿ ಎಲ್ಲ ಕಡೆ ಒಂದೇ ಸಮ ಹೊಳೆಯಿತು. "ಕಾಣಿ, ಎಂತ ಆಯ್ಲಿಲ್ಲೆ! ಉಳಿತ್ ಮಾವ ಲಾಟ್!" ವಿಜೇತಾಳ ಕಣ್ಣಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ಬೆಳಕು ಬಂತು. ಒದ್ದೆ ಬಟ್ಟೆಯನ್ನು ನಂಬಬಾರದೆಂದು ಗಣಪನಿಗೆ ಗೊತ್ತಿತ್ತು. ಒಣಗಲಿ ಎಂದು ಬದುವಿನ ಮೇಲೆ ಕೂತ.

ಸಂಕದ ಕಡೆಯಿಂದ ಅಪ್ಪಿ ಚಾ ತಂದಳು. ನಿತೇಶ್ ಮಿಂದು ಬಂದು ದೂರದಲ್ಲಿ ನಿಂತ. ಸೂತಕದವನು, ಹತ್ತಿರ ಬರಲಿಲ್ಲ.

"ಆಯ್ತಾ ಗಣಪಣ್ಣ?"

"ಒಣಗ್ಲಿ, ಕಾಂಬ."

ನಿತೇಶ್ ತಲೆಯಾಡಿಸಿ ಅಲ್ಲೇ ತೆಂಗಿನ ಬುಡದಲ್ಲಿ ಕೂತ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಬಿಸಿಲಿನ್ನೂ ಇತ್ತು. ಗದ್ದೆಯ ಮೂಲೆಯಲ್ಲಿ ಹೊಗೆ ತೆಳ್ಳಗಾಗುತ್ತ ಬಂತು.

ಮೊದಲು ಒಣಗಿದ್ದು ಹಗ್ಗದ ಮೇಲಿನ ಮಡಿಕೆ. ಅಲ್ಲಿಂದ ಕೆಳಗೆ ಬಣ್ಣ ನಿಲ್ಲುತ್ತ ಬಂದಾಗ ಒಂದು ಪಟ್ಟೆ ಕಾಣಿಸಿತು. ಕಪ್ಪಿನ ನಡುವೆ ಅಂಗೈ ಅಗಲದ ಮಸುಕು. ಬೆಳಿಗ್ಗೆ ಸುರುಳಿ ನಿಂತಿದ್ದಾಗ ಮೇಲ್ಬದಿಗಿದ್ದ ಬಟ್ಟೆ ಅದು. ಅಲ್ಲಿಂದ ಬಣ್ಣ ಕೆಳಗಿಳಿದಿತ್ತು. ಗಣಪ ಎದ್ದು ಹತ್ತಿರ ಹೋದ. ಮೂರು ಮೊಳದಾಚೆ ಇನ್ನೊಂದು. ಅದರಾಚೆ ಮತ್ತೊಂದು, ಸುತ್ತಿಗೊಂದರಂತೆ. ವಿಜೇತಾ ಹಿಂದಿನಿಂದ ಏನೋ ಕೇಳಿದಳು, ಅವನು ಬಟ್ಟೆಯ ಜೊತೆಗೇ ನಡೆದ. ಹೊರಸುತ್ತಿನಿಂದ ಒಳಸುತ್ತಿಗೆ ಬರುತ್ತಿದ್ದ ಹಾಗೆ ಪಟ್ಟೆಗಳ ನಡುವಿನ ದೂರ ಕಡಿಮೆಯಾಯಿತು. ಎರಡು ಮೊಳ. ಒಂದೂವರೆ. ಗಿರಿಜಕ್ಕ ಸುರುಳಿಯ ನಡುವಿನ ಕೊಳವೆಗೆ ಮೊದಲು ಸುತ್ತಿದ್ದ ಕೊನೆಯ ತುದಿಗೆ ಅವನು ಮುಟ್ಟಿದಾಗ ಅವು ಮೊಳಕ್ಕೊಂದರಂತೆ ಒತ್ತೊತ್ತಾಗಿ ಬರುತ್ತಿದ್ದವು, ಗಾಳಿಗೆ ಬಟ್ಟೆ ಎದ್ದಾಗಲೆಲ್ಲ ಒಂದರ ಹಿಂದೊಂದು ಅವನ ಎದುರಿಗೆ ಬಂದು ಹಿಂದೆ ಸರಿಯುತ್ತಿದ್ದವು.